ಗ್ರೇಡಿಯಂಟ್‌ಗೆ ಹೆಸರಿಟ್ಟು ಜೋಡಿಸಲು ಯಾವುದು ಒಳ್ಳೆಯದು? ಫೋಟೋಶಾಪ್, ಗಿಂಪ್, ಕ್ರಿಟಾ, ಇಂಕ್‌ಸ್ಕೇಪ್ ಹೋಲಿಕೆ

ನವರಾತ್ರಿಗೆ ಹದಿನೈದು ದಿನ ಇದೆ ಎನ್ನುವಾಗ ಮಂಗಳೂರಿನಲ್ಲಿ ಡಿಸೈನ್ ಮಾಡುವವರ ಫೋನಿಗೆ ಬಿಡುವಿರುವುದಿಲ್ಲ. ಹುಲಿವೇಷದ ತಂಡಗಳ ಬ್ಯಾನರ್, ಕುದ್ರೋಳಿ ದಸರಾಕ್ಕೆ ಶುಭ ಕೋರುವ ಫ್ಲೆಕ್ಸ್, ನಡುವೆ ಯಾರದೋ ಗೃಹಪ್ರವೇಶದ ಕಾಗದ. ತಂಡದವರು ಬಂದು ಕೂತು ಹೇಳುವುದು ಒಂದೇ ಮಾತು: ‘ಕಳೆದ ವರ್ಷ ಹಾಕಿದ್ರಲ್ಲ, ಅದೇ ಕಿತ್ತಳೆ ಬೇಕು.’ ಅದು ಅವರ ಹುಲಿಯ ಬಣ್ಣ. ಸ್ವಲ್ಪ ಕೆಂಪಿಗೆ ತಿರುಗಿದರೂ ಅವರಿಗೆ ಗೊತ್ತಾಗುತ್ತದೆ.

ಆ ಕಿತ್ತಳೆ ಒಂದೇ ಬಣ್ಣವಲ್ಲ. ಕೆಳಗೆ ಗಾಢ ಕಿತ್ತಳೆ, ಮೇಲೆ ಹೋಗುತ್ತಾ ಹಳದಿ, ತುದಿಯಲ್ಲಿ ಒಂಚೂರು ಬಿಳಿ. ಅಂದರೆ ಒಂದು ಗ್ರೇಡಿಯಂಟ್. ಅದನ್ನು ಹುಡುಕಲು ಪಟ್ಟಿ ತೆರೆದರೆ ಕಾಣುವುದೇನು? ಕಸ್ಟಮ್, ಕಸ್ಟಮ್, ಕಸ್ಟಮ್. ಅಂಗೈಯಗಲದ ಜಾಗದಲ್ಲಿ ನೂರು ಚೌಕ. ಅದರಲ್ಲಿ ಹನ್ನೆರಡು ಕಿತ್ತಳೆ. ಯಾವುದು ಯಾರ ಹುಲಿ?

ನನಗೆ ಈ ವಿಷಯದ ಮೇಲೆ ಅಕ್ಕರೆ ಹುಟ್ಟಿದ್ದು ಒಂದು ಜೂನ್ ತಿಂಗಳ ಸಂಜೆ. ಗುಡುಗು ಮಳೆ. ನಾಲ್ಕು ದಿನ ಕೂತು ಸುಮಾರು ಮೂವತ್ತು ಗ್ರೇಡಿಯಂಟ್ ಮಾಡಿ, ಒಂದೊಂದಕ್ಕೂ ಹೆಸರು ಕೊಟ್ಟಿದ್ದೆ. ಕಂಪ್ಯೂಟರ್ ಅಷ್ಟೂ ದಿನ ಆಫ್ ಮಾಡಿರಲಿಲ್ಲ, ಪ್ರೋಗ್ರಾಂ ಕೂಡ ಮುಚ್ಚಿರಲಿಲ್ಲ. ಕರೆಂಟು ಹೋಯಿತು. ಮತ್ತೆ ತೆರೆದಾಗ ಮೂವತ್ತರಲ್ಲಿ ಒಂದೂ ಇರಲಿಲ್ಲ. ಅಂದಿನಿಂದ ಯಾವ ಸಾಫ್ಟ್‌ವೇರ್ ನೋಡಿದರೂ ನಾನು ಮೊದಲು ಕೇಳುವುದು ಒಂದೇ: ನಾನು ಕೊಟ್ಟ ಹೆಸರು ಎಲ್ಲಿ ಹೋಗಿ ಕೂರುತ್ತದೆ?

ಈ ಹೋಲಿಕೆ ನಿಂತಿರುವುದು ಅದೇ ಪ್ರಶ್ನೆಯ ಮೇಲೆ. ಗ್ರೇಡಿಯಂಟ್ ಮಾಡಲು ಎಲ್ಲ ಪ್ರೋಗ್ರಾಂಗಳೂ ಚೆನ್ನಾಗಿವೆ. ವ್ಯತ್ಯಾಸ ಇರುವುದು ಇಟ್ಟುಕೊಳ್ಳುವುದರಲ್ಲಿ. ಫೋಟೋಶಾಪ್ ಹೆಸರನ್ನು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಗಿಂಪ್ ಒಂದೊಂದು ಗ್ರೇಡಿಯಂಟನ್ನೂ ಒಂದೊಂದು ಫೈಲ್ ಮಾಡಿ, ಹೆಸರನ್ನು ಅದರೊಳಗೆ ಬರೆಯುತ್ತದೆ. ಕ್ರಿಟಾ ಒಂದು ಡೇಟಾಬೇಸ್‌ನಲ್ಲಿ ಲೆಕ್ಕ ಇಡುತ್ತದೆ. ಇಂಕ್‌ಸ್ಕೇಪ್ ನೀವು ಮಾಡುತ್ತಿರುವ ಚಿತ್ರದೊಳಗೇ ಇಡುತ್ತದೆ. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಮುಗಿಯಿತು.

ಫೋಟೋಶಾಪ್: ಜೋಡಿಸಲು ಸುಲಭ, ಕಾಪಾಡುವುದು ನಿಮ್ಮ ಕೆಲಸ

ಹಳೆಯ ಫೋಟೋಶಾಪ್ ಬಳಸಿದವರಿಗೆ ‘ಪ್ರೀಸೆಟ್ ಮ್ಯಾನೇಜರ್’ (ಮಾಡಿಟ್ಟ ಗ್ರೇಡಿಯಂಟ್, ಬ್ರಷ್‌ಗಳನ್ನು ಜೋಡಿಸುವ ಕಿಟಕಿ) ನೆನಪಿರಬಹುದು. ಗ್ರೇಡಿಯಂಟ್‌ಗಳೆಲ್ಲ ಅಲ್ಲಿ ಒಂದೇ ಉದ್ದದ ಪಟ್ಟಿ. 2019ರ ನವೆಂಬರ್‌ನಲ್ಲಿ ಬಂದ ಫೋಟೋಶಾಪ್ 2020ರಿಂದ ಅದು ಬದಲಾಯಿತು. ಈಗ ‘ವಿಂಡೋ’ ಮೆನುವಿನಲ್ಲಿ ಗ್ರೇಡಿಯಂಟ್ಸ್ ಎಂಬ ಬೇರೆಯೇ ಪ್ಯಾನೆಲ್ ಇದೆ. ಅದರಲ್ಲಿ ಗುಂಪು ಮಾಡಬಹುದು, ಗುಂಪಿನೊಳಗೆ ಗುಂಪು ಮಾಡಬಹುದು, ಎಳೆದು ಹಿಂದೆ ಮುಂದೆ ಇಡಬಹುದು. ಕಂಟ್ರೋಲ್ ಅಥವಾ ಶಿಫ್ಟ್ ಒತ್ತಿ ಹತ್ತಾರನ್ನು ಒಟ್ಟಿಗೆ ಆರಿಸಿ ಒಂದೇ ಸಲ ಗುಂಪಿಗೆ ಹಾಕಬಹುದು. ಮುಂದಿನ ವರ್ಷ ಪ್ರೀಸೆಟ್‌ಗಳಲ್ಲಿ ಹುಡುಕುವ ಪೆಟ್ಟಿಗೆಯೂ ಬಂತು. ಅಲ್ಲಿಂದ ಮುಂದೆ ಹೆಸರಿನ ಬೆಲೆ ಜಾಸ್ತಿಯಾಯಿತು. ಹೆಸರು ಸರಿ ಇದ್ದರೆ ಎರಡಕ್ಷರ ಟೈಪ್ ಮಾಡಿದರೆ ಸಾಕು.

ಹೆಸರು ಬದಲಿಸಲು ಚೌಕದ ಮೇಲೆ ಬಲ ಕ್ಲಿಕ್, ‘ರೀನೇಮ್ ಗ್ರೇಡಿಯಂಟ್’. ಅಷ್ಟೇ. ಆದರೆ ತುಂಬಾ ಜನ ಎಡವುವುದು ಇನ್ನೊಂದು ಜಾಗದಲ್ಲಿ. ಗ್ರೇಡಿಯಂಟ್ ಎಡಿಟರ್ ತೆರೆದರೆ ಅಲ್ಲೂ ಹೆಸರಿನ ಪೆಟ್ಟಿಗೆ ಇದೆ. ಇದ್ದ ಗ್ರೇಡಿಯಂಟ್ ಆರಿಸಿ, ಅಲ್ಲಿ ಹೊಸ ಹೆಸರು ಬರೆದು ‘ಓಕೆ’ ಒತ್ತುತ್ತಾರೆ. ಹೆಸರು ಬದಲಾಯಿತು ಅಂದುಕೊಳ್ಳುತ್ತಾರೆ. ಬದಲಾಗಿರುವುದಿಲ್ಲ. ಆ ಪೆಟ್ಟಿಗೆ ಇರುವುದು ಮುಂದೆ ‘ನ್ಯೂ’ ಒತ್ತಿದಾಗ ಹುಟ್ಟುವ ಹೊಸ ಗ್ರೇಡಿಯಂಟ್‌ಗಾಗಿ. ಒಂದು ಬಣ್ಣದ ಗುಂಡಿ ಸ್ವಲ್ಪ ಸರಿಸಿದರೂ ಅಲ್ಲಿನ ಹೆಸರು ತಾನಾಗಿ ‘ಕಸ್ಟಮ್’ ಆಗುತ್ತದೆ. ಅವಸರದಲ್ಲಿ ಹಾಗೆಯೇ ‘ನ್ಯೂ’ ಒತ್ತಿದರೆ ಪಟ್ಟಿಗೆ ಇನ್ನೊಂದು ಕಸ್ಟಮ್ ಸೇರಿತು. ಒಂದೇ ಹೆಸರಿನವು ಎಷ್ಟಿದ್ದರೂ ಫೋಟೋಶಾಪ್ ತಡೆಯುವುದಿಲ್ಲ. ಹಾಗಾಗಿ ಕ್ರಮ ಹೀಗಿರಲಿ: ಬಣ್ಣ ತಿದ್ದಿ, ಆಮೇಲೆ ಹೆಸರು ಬರೆಯಿರಿ, ಆಮೇಲೆ ‘ನ್ಯೂ’. ತಿದ್ದುವ ಮೊದಲೇ ಬರೆದ ಹೆಸರು ಉಳಿಯುವುದಿಲ್ಲ.

ಜೋಡಿಸುವಾಗ ಇನ್ನೊಂದು ಜಾಗ್ರತೆ. ಲೇಯರ್ (ಚಿತ್ರದ ಪದರ) ಪಟ್ಟಿಯಲ್ಲಿ ಅಕ್ಷರದ ಲೇಯರ್ ಆಯ್ಕೆಯಾಗಿದ್ದಾಗ ಪ್ಯಾನೆಲ್‌ನಲ್ಲಿ ಗ್ರೇಡಿಯಂಟ್ ಮೇಲೆ ಕ್ಲಿಕ್ ಮಾಡಿದರೆ ಅದು ಅಕ್ಷರಕ್ಕೆ ಹತ್ತಿಕೊಳ್ಳುತ್ತದೆ. ನೀವು ಸುಮ್ನೆ ಹೆಸರು ತಿದ್ದಲು ಹೋಗಿರುತ್ತೀರಿ, ಅಲ್ಲಿ ಬ್ಯಾನರ್‌ನ ಶೀರ್ಷಿಕೆಯ ಬಣ್ಣ ಬದಲಾಗಿರುತ್ತದೆ. ಗಿರಾಕಿಯ ಫೈಲ್ ಮುಚ್ಚಿಟ್ಟು ಈ ಕೆಲಸಕ್ಕೆ ಕೂರುವುದು ಒಳ್ಳೆಯದು.

ಈಗ ಮುಖ್ಯ ಮಾತು. ಹೊಸ ಗ್ರೇಡಿಯಂಟ್, ಹೊಸ ಹೆಸರು, ಹೊಸ ಗುಂಪು, ಇವೆಲ್ಲ ಡಿಸ್ಕಿಗೆ ಬರೆಯಲ್ಪಡುವುದು ಫೋಟೋಶಾಪನ್ನು ಸರಿಯಾಗಿ ಮುಚ್ಚಿದಾಗ. ನಡುವೆ ಕರೆಂಟು ಹೋದರೆ ಅಥವಾ ಪ್ರೋಗ್ರಾಂ ನಿಂತುಹೋದರೆ ಆ ಹೊತ್ತಿನ ಬದಲಾವಣೆ ಹೋಗುವ ಸಂಭವ ಇದೆ. ಪ್ರಿಫರೆನ್ಸ್ (ಪ್ರೋಗ್ರಾಂನ ಸೆಟ್ಟಿಂಗ್ಸ್) ಕೆಟ್ಟು ರೀಸೆಟ್ ಮಾಡಬೇಕಾಗಿ ಬಂದಾಗಲೂ ಭಯ ಇದ್ದೇ ಇದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ದೂರದ ಮಾತಲ್ಲ. ಹತ್ತು ಗ್ರೇಡಿಯಂಟ್‌ಗೆ ಹೆಸರಿಟ್ಟ ಕೂಡಲೇ ಪ್ರೋಗ್ರಾಂ ಒಮ್ಮೆ ಮುಚ್ಚಿ ತೆರೆಯಿರಿ. ಕೆಲಸ ಪೂರ್ತಿಯಾದ ಮೇಲೆ ಗುಂಪನ್ನು ಆರಿಸಿ, ಪ್ಯಾನೆಲ್ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್ ಸೆಲೆಕ್ಟೆಡ್ ಗ್ರೇಡಿಯಂಟ್ಸ್’ ಕೊಡಿ. ಒಂದು ಜಿಆರ್‌ಡಿ ಫೈಲ್ ಸಿಗುತ್ತದೆ. ಅದೇ ನಿಮ್ಮ ನಿಜವಾದ ಆಸ್ತಿ. ಅದನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿದಾಗ ಫೈಲ್‌ನ ಹೆಸರಿನಲ್ಲೇ ಗುಂಪು ಮೂಡುತ್ತದೆ. ಆದ್ದರಿಂದ ಫೈಲ್‌ಗೆ ‘ನ್ಯೂ1’ ಎಂದೆಲ್ಲ ಇಡಬೇಡಿ.

ಎಲ್ಲ ಹೋಯಿತು ಎಂದು ಕೂತವರಿಗೆ ಒಂದು ದಾರಿ ಹೇಳುತ್ತೇನೆ. ಇದು ನನಗೆ ತುಂಬಾ ಉಪಕಾರ ಮಾಡಿದೆ. ನೀವು ಗ್ರೇಡಿಯಂಟನ್ನು ಫಿಲ್ ಲೇಯರ್ ಆಗಿ ಅಥವಾ ಲೇಯರ್ ಸ್ಟೈಲ್ ಆಗಿ ಹಾಕಿದ್ದರೆ, ಆ ಪಿಎಸ್‌ಡಿ ಫೈಲ್‌ನ (ಫೋಟೋಶಾಪ್‌ನ ಮೂಲ ಫೈಲ್) ಒಳಗೆ ಅದರ ಪೂರ್ತಿ ಪ್ರತಿ ಇರುತ್ತದೆ. ಹಳೆಯ ಬ್ಯಾನರ್ ತೆರೆಯಿರಿ. ಆ ಲೇಯರ್‌ನ ಗ್ರೇಡಿಯಂಟ್ ಮೇಲೆ ಕ್ಲಿಕ್ ಮಾಡಿ ಎಡಿಟರ್‌ಗೆ ಹೋಗಿ. ಹೆಸರು ಬರೆದು ‘ನ್ಯೂ’ ಒತ್ತಿ. ಹುಲಿ ಮರಳಿ ಬಂತು. ನನ್ನ ಮೂವತ್ತರಲ್ಲಿ ಹನ್ನೊಂದು ಹೀಗೆ ಸಿಕ್ಕವು. ಪೇಂಟ್ ಮಾಡಿದ ಹಾಗೆ ಸೀದಾ ಚಿತ್ರದ ಮೇಲೆ ಎಳೆದಿದ್ದರೆ ಮಾತ್ರ ಈ ದಾರಿ ಇಲ್ಲ, ಅಲ್ಲಿ ಉಳಿದಿರುವುದು ಬರೀ ಬಣ್ಣದ ಚುಕ್ಕಿಗಳು. ಇದೇ ಕಾರಣಕ್ಕೆ ಇನ್ನೊಂದು ವಿಷಯ ತಿಳಿದಿರಲಿ: ಪ್ಯಾನೆಲ್‌ನಲ್ಲಿ ಹೆಸರು ಬದಲಿಸಿದರೆ ಹಳೆಯ ಪಿಎಸ್‌ಡಿಗಳ ಒಳಗಿನ ಹೆಸರು ಬದಲಾಗುವುದಿಲ್ಲ.

ಗಿಂಪ್: ಬರೆದಿಟ್ಟ ಚೀಟಿಯಂಥದ್ದು

ಗಿಂಪ್‌ಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಾನು ಅದನ್ನು ಮೆಚ್ಚುವುದು ಬೇರೆ ಕಾರಣಕ್ಕೆ. ಗಿಂಪ್‌ನಲ್ಲಿ ನೀವು ಮಾಡಿದ ಪ್ರತಿ ಗ್ರೇಡಿಯಂಟ್ ಒಂದು ಜಿಜಿಆರ್ ಫೈಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಮೊದಲ ಸಾಲಿನಲ್ಲಿ ಇದು ಗಿಂಪ್ ಗ್ರೇಡಿಯಂಟ್ ಎಂದು ಇಂಗ್ಲಿಷಿನಲ್ಲಿ ಇರುತ್ತದೆ. ಎರಡನೆಯ ಸಾಲಿನಲ್ಲಿ ‘ನೇಮ್’ ಎಂದಿದ್ದು, ಅದರ ಮುಂದೆ ನೀವು ಕೊಟ್ಟ ಹೆಸರು. ಮೂರನೆಯ ಸಾಲಿನಲ್ಲಿ ಎಷ್ಟು ತುಂಡು ಎಂಬ ಲೆಕ್ಕ. ಆಮೇಲೆ ಒಂದೊಂದು ತುಂಡಿಗೆ ಒಂದೊಂದು ಸಾಲು: ಎಲ್ಲಿ ಶುರು, ಎಲ್ಲಿ ನಡು, ಎಲ್ಲಿ ಕೊನೆ, ಎಡದ ಬಣ್ಣ, ಬಲದ ಬಣ್ಣ. ಬಣ್ಣಗಳನ್ನು 0ರಿಂದ 1ರೊಳಗಿನ ಅಂಕಿಯಲ್ಲಿ ಬರೆದಿರುತ್ತದೆ. 255 ಎಂದರೆ ಇಲ್ಲಿ 1.

ಇದು ಯಾಕೆ ಮುಖ್ಯ? ಉಡುಪಿಯ ಪರ್ಯಾಯವನ್ನೇ ತೆಗೆದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ಪೀಠ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುತ್ತದೆ. ಎಂಟು ಮಠಗಳು. ಹಾಗಾಗಿ ಒಂದು ಮಠದ ಸರದಿ ಮತ್ತೆ ಬರಲು 16 ವರ್ಷ ಬೇಕು. ಈ ಸಲ ಒಂದು ಪರ್ಯಾಯದ ಸ್ವಾಗತ ಕಮಾನಿಗೆ ನೀವು ಮಾಡಿದ ಕುಂಕುಮ–ಚಿನ್ನದ ಬಣ್ಣವನ್ನು 16 ವರ್ಷದ ನಂತರ ಯಾರಾದರೂ ಕೇಳಿದರೆ? ಆ ಹೊತ್ತಿಗೆ ಯಾವ ಸಾಫ್ಟ್‌ವೇರ್ ಇರುತ್ತದೋ. ಆದರೆ ಅಕ್ಷರದಲ್ಲಿ ಬರೆದಿಟ್ಟ ಫೈಲನ್ನು ಆಗಲೂ ಓದಬಹುದು. ಅಂಕಿ ನೋಡಿ ಬಣ್ಣ ಮರಳಿ ಮಾಡಬಹುದು. ಇಷ್ಟು ಭರವಸೆ ಕೊಡುವ ಫೈಲ್ ಫೋಟೋಶಾಪ್‌ನಲ್ಲಿ ಇಲ್ಲ.

ಹೆಸರು ಬದಲಿಸಲು ಗ್ರೇಡಿಯಂಟ್ಸ್ ಪಟ್ಟಿಯಲ್ಲಿ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಬರೆದರೆ ಆಯಿತು. ಚೌಕಗಳ ನೋಟದಲ್ಲಿದ್ದರೆ ಮೊದಲು ಪಟ್ಟಿಯ ನೋಟಕ್ಕೆ ಬನ್ನಿ. ಗಿಂಪ್ ಜೊತೆಗೇ ಬಂದ ಗ್ರೇಡಿಯಂಟ್‌ಗಳ ಹೆಸರು ಮಾತ್ರ ಬದಲಾಗುವುದಿಲ್ಲ. ಅವನ್ನು ನಕಲು ಮಾಡಿ, ನಕಲಿಗೆ ಹೆಸರಿಡಬೇಕು. ಒಂದೇ ಹೆಸರನ್ನು ಎರಡಕ್ಕೆ ಕೊಟ್ಟರೆ ಗಿಂಪ್ ಎರಡನೆಯದರ ಹಿಂದೆ ತಾನೇ ಒಂದು ಅಂಕಿ ಸೇರಿಸುತ್ತದೆ. ಇದು ನನಗೆ ಇಷ್ಟ. ಹೆಸರು ಎರಡಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಅರವತ್ತು ಗ್ರೇಡಿಯಂಟ್‌ಗಳ ಹೆಸರು ಒಟ್ಟಿಗೆ ಬದಲಿಸಬೇಕೆ? ಫೋಟೋಶಾಪ್‌ನಲ್ಲಿ ಒಂದೊಂದಾಗಿ ಕೂರಬೇಕು. ಗಿಂಪ್‌ನಲ್ಲಿ ಪ್ರೋಗ್ರಾಂ ಮುಚ್ಚಿ, ಫೋಲ್ಡರಿನ ಒಂದು ನಕಲು ಇಟ್ಟುಕೊಂಡು, ಯಾವುದಾದರೂ ಒಳ್ಳೆಯ ಟೆಕ್ಸ್ಟ್ ಎಡಿಟರ್‌ನಲ್ಲಿ ಆ ಎರಡನೆಯ ಸಾಲನ್ನು ಎಲ್ಲ ಫೈಲ್‌ಗಳಲ್ಲೂ ಒಂದೇ ಸಲ ಬದಲಿಸಬಹುದು. ಯುಟಿಎಫ್-8 (ಯುನಿಕೋಡ್ ಅಕ್ಷರ ಉಳಿಸುವ ಒಂದು ಬಗೆ) ಆಗಿ ಉಳಿಸಿದರೆ ಕನ್ನಡದ ಹೆಸರೂ ಸರಿಯಾಗಿ ಬರುತ್ತದೆ. ಆದರೆ ಎರಡನೆಯ ಸಾಲು ಬಿಟ್ಟು ಬೇರೇನನ್ನೂ ಮುಟ್ಟಬೇಡಿ.

ಗುಂಪಿನ ವಿಷಯದಲ್ಲಿ ಗಿಂಪ್‌ನ ದಾರಿಯೇ ಬೇರೆ. ಇಲ್ಲಿ ಗುಂಪಿಲ್ಲ, ಟ್ಯಾಗ್ ಇದೆ. ಗ್ರೇಡಿಯಂಟ್ ಆರಿಸಿ ಕೆಳಗಿನ ಪೆಟ್ಟಿಗೆಯಲ್ಲಿ ‘ಹುಲಿವೇಷ, ಫ್ಲೆಕ್ಸ್’ ಎಂದು ಬರೆಯಿರಿ. ಮೇಲಿನ ಪೆಟ್ಟಿಗೆಯಲ್ಲಿ ‘ಫ್ಲೆಕ್ಸ್’ ಎಂದು ಬರೆದರೆ ಆ ಟ್ಯಾಗ್ ಇರುವವಷ್ಟೇ ಕಾಣುತ್ತವೆ. ಒಂದೇ ಗ್ರೇಡಿಯಂಟ್ ಎರಡು ಮೂರು ಟ್ಯಾಗ್‌ನಲ್ಲಿ ಇರಬಹುದು. ಫೋಟೋಶಾಪ್‌ನಲ್ಲಿ ಒಂದು ಗ್ರೇಡಿಯಂಟ್ ಎರಡು ಗುಂಪಿನಲ್ಲಿ ಇರಬೇಕಾದರೆ ಎರಡು ಪ್ರತಿ ಮಾಡಬೇಕು. ಕಂಬಳದ ಬ್ಯಾನರಿಗೂ ಹುಲಿವೇಷಕ್ಕೂ ಒಂದೇ ಕೆಂಪು ಹಾಕುವವರಿಗೆ ಟ್ಯಾಗ್ ತುಂಬಾ ಅನುಕೂಲ.

ಟ್ಯಾಗಿನಲ್ಲಿ ಒಂದು ಕೊರತೆ ಇದೆ. ಅದು ಜಿಜಿಆರ್ ಫೈಲ್‌ನ ಒಳಗೆ ಹೋಗುವುದಿಲ್ಲ, ಗಿಂಪ್‌ನ ಸೆಟ್ಟಿಂಗ್ಸ್ ಫೋಲ್ಡರಿನ ಬೇರೊಂದು ಫೈಲ್‌ನಲ್ಲಿ ಇರುತ್ತದೆ. ಗ್ರೇಡಿಯಂಟ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಮಣಿಪಾಲದ ಗೆಳೆಯನಿಗೆ ಕೊಟ್ಟರೆ ಹೆಸರು ಹೋಗುತ್ತದೆ, ಟ್ಯಾಗ್ ಹೋಗುವುದಿಲ್ಲ. ಇದಕ್ಕೆ ಮದ್ದು ಸುಲಭ. ಗ್ರೇಡಿಯಂಟ್ಸ್ ಫೋಲ್ಡರಿನ ಒಳಗೆ ಉಪಫೋಲ್ಡರ್ ಮಾಡಿ. ‘ಹುಲಿವೇಷ’ ಎಂಬ ಫೋಲ್ಡರಿನಲ್ಲಿ ಇಟ್ಟವಕ್ಕೆ ಗಿಂಪ್ ಆ ಫೋಲ್ಡರಿನ ಹೆಸರನ್ನೇ ಟ್ಯಾಗ್ ಮಾಡಿಕೊಳ್ಳುತ್ತದೆ. ಫೋಲ್ಡರ್ ಸಮೇತ ಕೊಟ್ಟರೆ ಜೋಡಣೆಯೂ ಜೊತೆಗೇ ಹೋಗುತ್ತದೆ.

ಇಬ್ಬರು ಮೂವರು ಕೂರುವ ಸಣ್ಣ ಅಂಗಡಿಗೆ ನಾನು ಹೇಳುವುದು ಇದನ್ನೇ. ಪ್ರಿಫರೆನ್ಸಸ್‌ನಲ್ಲಿ ‘ಫೋಲ್ಡರ್ಸ್’ ಎಂಬಲ್ಲಿ ಗ್ರೇಡಿಯಂಟ್ಸ್‌ಗೆ ನಿಮ್ಮದೇ ಒಂದು ಫೋಲ್ಡರ್ ಸೇರಿಸಬಹುದು. ಎಲ್ಲರೂ ಹಂಚಿಕೊಂಡ ಒಂದು ಡ್ರೈವ್‌ನಲ್ಲಿ ಅದು ಇರಲಿ. ಅದಕ್ಕೆ ಬರೆಯುವ ಅನುಮತಿಯ ಗುರುತು ಹಾಕುವುದನ್ನು ಮರೆಯಬೇಡಿ. ಒಬ್ಬರು ಹೊಸತು ಮಾಡಿ ಹೆಸರಿಟ್ಟರೆ ಉಳಿದವರು ‘ರಿಫ್ರೆಶ್’ ಒತ್ತಿದಾಗ ಕಾಣುತ್ತದೆ. ಇನ್ನೊಂದು ಲಾಭ: ಗಿಂಪ್ 2.10ಕ್ಕೂ 2025ರ ಮಾರ್ಚ್‌ನಲ್ಲಿ ಬಂದ 3.0ಕ್ಕೂ ಸೆಟ್ಟಿಂಗ್ಸ್ ಫೋಲ್ಡರ್ ಬೇರೆ ಬೇರೆ. ನಿಮ್ಮ ಗ್ರೇಡಿಯಂಟ್‌ಗಳು ಹೊರಗೆ ಇದ್ದರೆ ಆವೃತ್ತಿ ಬದಲಾದರೂ ಚಿಂತೆ ಇಲ್ಲ.

ಗಿಂಪ್‌ನಲ್ಲಿ ನನಗೆ ಹಿಡಿಸದ್ದು ಎರಡು. ಪಟ್ಟಿ ಹೆಸರಿನ ಕ್ರಮದಲ್ಲೇ ಇರುತ್ತದೆ, ಎಳೆದು ನಮಗೆ ಬೇಕಾದ ಕಡೆ ಇಡಲು ಆಗುವುದಿಲ್ಲ. ಯಾವಾಗಲೂ ಬೇಕಾದದ್ದು ಮೇಲೆ ಬರಬೇಕಾದರೆ ಹೆಸರಿನ ಮುಂದೆ 01, 02 ಎಂದು ಹಾಕಬೇಕು. ಇನ್ನೊಂದು, ಇಲ್ಲಿ ‘ಡಿಲೀಟ್’ ಎಂದರೆ ಡಿಸ್ಕಿನಿಂದಲೇ ಅಳಿಸುತ್ತದೆ. ಕೇಳಿಯೇ ಅಳಿಸುತ್ತದೆ, ಆದರೂ ಅವಸರದಲ್ಲಿ ನಾವು ‘ಹೌದು’ ಎಂದುಬಿಡುತ್ತೇವೆ ಅಲ್ವಾ?

ಕ್ರಿಟಾ: ಚಿತ್ರ ಬರೆಯುವವರಿಗೆ

ಯಕ್ಷಗಾನದ ವೇಷಗಳನ್ನು ಡಿಜಿಟಲ್‌ನಲ್ಲಿ ಬರೆಯುವ ಹುಡುಗರು ಹುಡುಗಿಯರು ಈಗ ಕರಾವಳಿಯಲ್ಲಿ ಸುಮಾರು ಜನ ಇದ್ದಾರೆ. ಅವರಿಗೆ ಕ್ರಿಟಾ ಚೆನ್ನಾಗಿ ಒಗ್ಗುತ್ತದೆ. 2021ರ ಡಿಸೆಂಬರ್‌ನಲ್ಲಿ ಬಂದ ಕ್ರಿಟಾ 5.0ರಲ್ಲಿ ಬ್ರಷ್, ಗ್ರೇಡಿಯಂಟ್, ಪ್ಯಾಟರ್ನ್ ಎಲ್ಲದರ ಲೆಕ್ಕವೂ ಒಂದು ಡೇಟಾಬೇಸ್‌ಗೆ ಹೋಯಿತು. ಇಲ್ಲೂ ಟ್ಯಾಗ್ ಇದೆ. ಹೆಸರನ್ನು ಗ್ರೇಡಿಯಂಟ್ ತಿದ್ದುವ ಕಿಟಕಿಯಲ್ಲೇ ಬರೆಯಬಹುದು. ಗಿಂಪ್‌ನ ಜಿಜಿಆರ್ ಫೈಲನ್ನೂ ಕ್ರಿಟಾ ಓದುತ್ತದೆ. ಹಾಗಾಗಿ ಎರಡನ್ನೂ ಬಳಸುವವರಿಗೆ ಬಣ್ಣ ಹಂಚಿಕೊಳ್ಳುವುದು ಸಲೀಸು.

ಕ್ರಿಟಾದ ದೊಡ್ಡ ಗುಣ ಎಂದರೆ ಬಂಡಲ್. ನಿಮ್ಮ ಗ್ರೇಡಿಯಂಟ್, ಬ್ರಷ್, ಅವುಗಳ ಟ್ಯಾಗ್ ಎಲ್ಲವನ್ನೂ ಒಂದು ಗಂಟು ಕಟ್ಟಿ ಇನ್ನೊಬ್ಬರಿಗೆ ಕೊಡಬಹುದು. ಮುಖವರ್ಣಿಕೆಯ ಕೆಂಪು, ಕಪ್ಪು, ಹಳದಿಗಳ ಒಂದು ಬಂಡಲ್ ಮಾಡಿ ಶಿಷ್ಯರಿಗೆ ಕೊಟ್ಟರೆ ಎಲ್ಲರ ಬಣ್ಣವೂ ಒಂದೇ ಆಗಿರುತ್ತದೆ. ಅಳಿಸಿದ್ದು ಕೂಡ ಇಲ್ಲಿ ಪೂರ್ತಿ ಹೋಗುವುದಿಲ್ಲ, ಮರೆಗೆ ಸರಿಯುತ್ತದೆ. ರಿಸೋರ್ಸ್ ಮ್ಯಾನೇಜರ್‌ನಿಂದ ಮತ್ತೆ ತರಬಹುದು.

ಒಂದೇ ಒಂದು ಎಚ್ಚರ. ಗಿಂಪ್‌ನ ಅಭ್ಯಾಸದಿಂದ ಕ್ರಿಟಾದ ಫೋಲ್ಡರಿಗೆ ಹೋಗಿ ಫೈಲ್‌ಗಳ ಹೆಸರು ಬದಲಿಸಬೇಡಿ. ಡೇಟಾಬೇಸ್‌ನ ಲೆಕ್ಕಕ್ಕೂ ಫೋಲ್ಡರಿಗೂ ತಾಳೆ ತಪ್ಪುತ್ತದೆ. ಇಲ್ಲಿ ಎಲ್ಲವನ್ನೂ ಪ್ರೋಗ್ರಾಂ ಒಳಗಿನಿಂದಲೇ ಮಾಡಬೇಕು.

ಇಂಕ್‌ಸ್ಕೇಪ್ ಮತ್ತು ಇಲ್ಲಸ್ಟ್ರೇಟರ್

ಇವು ವೆಕ್ಟರ್ ಕೆಲಸದವು, ಅಂದರೆ ಚುಕ್ಕಿಗಳ ಬದಲು ಗೆರೆ, ಆಕಾರಗಳಿಂದ ಚಿತ್ರ ಮಾಡುವವು. ಲೋಗೋ, ಕಮಾನಿನ ವಿನ್ಯಾಸ ಮಾಡುವವರು ಗ್ರೇಡಿಯಂಟನ್ನು ಇಲ್ಲೇ ಇಟ್ಟುಕೊಂಡಿರುತ್ತಾರೆ.

ಇಂಕ್‌ಸ್ಕೇಪ್‌ನಲ್ಲಿ ಗ್ರೇಡಿಯಂಟ್ ಆ ಚಿತ್ರದ ಎಸ್‌ವಿಜಿ ಫೈಲ್‌ನ (ವೆಕ್ಟರ್ ಚಿತ್ರದ ಫೈಲ್) ಒಳಗೆ ಇರುತ್ತದೆ. ಇನ್ನೊಂದು ಫೈಲ್ ತೆರೆದರೆ ಅಲ್ಲಿ ಅದು ಇಲ್ಲ. ತಾನಾಗಿ ಬರುವ ಹೆಸರು ಲೀನಿಯರ್‌ಗ್ರೇಡಿಯಂಟ್ ಎಂದು ಶುರುವಾಗಿ ಅಂಕಿಯಲ್ಲಿ ಮುಗಿಯುತ್ತದೆ. ‘ಫಿಲ್ ಅಂಡ್ ಸ್ಟ್ರೋಕ್’ ಕಿಟಕಿಯ ಪಟ್ಟಿಯಲ್ಲಿ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಬದಲಿಸಬಹುದು. ಇಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟರಲ್ಲೇ ಹೆಸರಿಡುವುದು ಕ್ಷೇಮ. ಫೈಲ್ ಮೆನುವಿನ ‘ಕ್ಲೀನ್ ಅಪ್ ಡಾಕ್ಯುಮೆಂಟ್’ ಬಗ್ಗೆ ಜಾಗ್ರತೆ. ಯಾವ ಆಕಾರಕ್ಕೂ ಹಚ್ಚದೆ ಇಟ್ಟ ಗ್ರೇಡಿಯಂಟ್‌ಗಳನ್ನು ಅದು ಗುಡಿಸಿ ಹಾಕುತ್ತದೆ. ಅದಕ್ಕೇ ನಾನು ಒಂದು ತಾಯಿ ಫೈಲ್ ಇಟ್ಟಿದ್ದೇನೆ. ಸಾಲಾಗಿ ಚೌಕಗಳು, ಒಂದೊಂದಕ್ಕೆ ಒಂದೊಂದು ಗ್ರೇಡಿಯಂಟ್, ಕೆಳಗೆ ಹೆಸರು. ಬೇಕಾದಾಗ ಚೌಕವನ್ನೇ ನಕಲು ಮಾಡಿ ಹೊಸ ಕೆಲಸಕ್ಕೆ ಅಂಟಿಸುತ್ತೇನೆ.

ಇಲ್ಲಸ್ಟ್ರೇಟರ್‌ನಲ್ಲಿ ಗ್ರೇಡಿಯಂಟ್ ಸ್ವಾಚಸ್ ಪ್ಯಾನೆಲ್‌ನಲ್ಲಿ ಇರುತ್ತದೆ, ಎರಡು ಸಲ ಕ್ಲಿಕ್ ಮಾಡಿದರೆ ಹೆಸರು ಬದಲಿಸಬಹುದು. ಆದರೆ ಅಲ್ಲಿನ ಕಲರ್ ಗ್ರೂಪ್‌ಗೆ ಗ್ರೇಡಿಯಂಟ್ ಹಾಕಲು ಬರುವುದಿಲ್ಲ. ಬೇರೆ ಅಡೋಬಿ ಪ್ರೋಗ್ರಾಂಗೆ ಬಣ್ಣ ಕಳಿಸುವ ಎಎಸ್‌ಇ ಫೈಲ್‌ನಲ್ಲೂ ಗ್ರೇಡಿಯಂಟ್ ಹೋಗುವುದಿಲ್ಲ. ಜೋಡಣೆ ನಿಮಗೆ ಮುಖ್ಯವಾದರೆ ಇದು ಮೊದಲ ಆಯ್ಕೆ ಆಗಲಾರದು.

ಒಂದರಿಂದ ಇನ್ನೊಂದಕ್ಕೆ

ಫೋಟೋಶಾಪ್ ಬಿಟ್ಟು ಗಿಂಪ್‌ಗೆ ಬರುವವರು ಮೊದಲು ಕೇಳುವುದು, ‘ನನ್ನ ಜಿಆರ್‌ಡಿ ಅಲ್ಲಿ ತೆರೆಯುತ್ತದಾ?’ ಇಲ್ಲ. ಗಿಂಪ್ ಫೋಟೋಶಾಪ್‌ನ ಬ್ರಷ್ ಓದುತ್ತದೆ, ಗ್ರೇಡಿಯಂಟ್ ಓದುವುದಿಲ್ಲ. ಬ್ರೌಸರ್‌ನಲ್ಲಿ ನಡೆಯುವ ಫೋಟೋಪಿಯಾ ಜಿಆರ್‌ಡಿ ಓದುತ್ತದೆ, ಅದೊಂದು ಸಮಾಧಾನ. ಗಿಂಪ್‌ಗೇ ಬೇಕೆಂದರೆ ನಡುವಿನ ಭಾಷೆ ಎಸ್‌ವಿಜಿ. ಎಸ್‌ವಿಜಿ ಒಳಗಿನ ಗ್ರೇಡಿಯಂಟ್‌ಗಳನ್ನು ಗಿಂಪ್ ತನ್ನ ಫೋಲ್ಡರಿನಿಂದ ಓದಿಕೊಳ್ಳುತ್ತದೆ. ಆದರೆ ನಿಮ್ಮ ಹತ್ತಿರ ಇರುವುದು ಹತ್ತು ಹದಿನೈದು ಗ್ರೇಡಿಯಂಟ್ ಮಾತ್ರ ಎಂದಾದರೆ ಪರಿವರ್ತನೆಯ ಗೋಜು ಬೇಡ. ಒಂದೊಂದರ ಬಣ್ಣದ ಕೋಡ್ ಮತ್ತು ಅದು ಶೇಕಡಾ ಎಷ್ಟರಲ್ಲಿ ಇದೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಹೊಸದಾಗಿ ಮಾಡಿ. ಒಂದು ಮಧ್ಯಾಹ್ನದ ಕೆಲಸ. ಆಗ ಬೇಡದವು ಯಾವುವು ಎಂದೂ ಗೊತ್ತಾಗುತ್ತದೆ.

ಬಣ್ಣದ ಗುಂಪೋ, ಕೆಲಸದ ಗುಂಪೋ?

ಇದು ಪ್ರೋಗ್ರಾಂ ಆಯ್ಕೆಗಿಂತ ದೊಡ್ಡ ಆಯ್ಕೆ ಎಂದು ನನ್ನ ಅನಿಸಿಕೆ. ಫೋಟೋಶಾಪ್ ಜೊತೆಗೆ ಬರುವ ಗ್ರೇಡಿಯಂಟ್‌ಗಳು ಹೆಚ್ಚಾಗಿ ಬಣ್ಣದ ಮೇಲೆ ಗುಂಪಾಗಿವೆ: ನೀಲಿ, ನೇರಳೆ, ಕೆಂಪು, ಹಸಿರು ಹೀಗೆ. ನೋಡಲು ಚೆಂದ. ಆದರೆ ಬಣ್ಣ ಕಣ್ಣಿಗೇ ಕಾಣುತ್ತದಲ್ಲ, ಅದನ್ನು ಗುಂಪಿನ ಹೆಸರು ಮತ್ತೆ ಹೇಳುವ ಅಗತ್ಯವೇನು? ಕಣ್ಣಿಗೆ ಕಾಣದ್ದು ಎಂದರೆ ಅದು ಯಾರಿಗೆ ಮಾಡಿದ್ದು, ಎಲ್ಲಿಗೆ ಮಾಡಿದ್ದು ಎಂಬುದು.

ಹಾಗಾಗಿ ಗಿರಾಕಿಗಳ ಕೆಲಸ ಮಾಡುವವರು ಕೆಲಸದ ಮೇಲೆ ಗುಂಪು ಮಾಡಿ. ನನ್ನಲ್ಲಿ ಹುಲಿವೇಷ, ಕಂಬಳ, ಯಕ್ಷಗಾನ, ಪರ್ಯಾಯ, ಮದುವೆ, ಅಂಗಡಿ ಬೋರ್ಡ್ ಎಂದು ಆರು ಗುಂಪು ಇವೆ. ಅದರಾಚೆ ‘ಊರು’ ಎಂದು ಒಂದು. ಅದರಲ್ಲಿ ನಾನೇ ಫೋಟೋ ತೆಗೆದು ಬಣ್ಣ ಎತ್ತಿಕೊಂಡವು ಇವೆ: ಮಲ್ಪೆಯ ಸಂಜೆ, ಮಳೆಗೆ ನೆನೆದ ಮಂಗಳೂರು ಹಂಚು, ಮಟ್ಟುಗುಳ್ಳದ ತಿಳಿ ಹಸಿರು, ಶಂಕರಪುರ ಮಲ್ಲಿಗೆಯ ಮೊಗ್ಗಿನ ಬಿಳಿ–ಹಸಿರು. ಮದುವೆ ಕಾಗದಕ್ಕೆ ಈ ಕೊನೆಯದನ್ನು ತೋರಿಸಿದರೆ ಹೆಣ್ಣಿನ ಕಡೆಯವರು ಬೇರೆ ನೋಡುವುದೇ ಇಲ್ಲ. ಚಿತ್ರ ಬರೆಯುವವರಿಗೆ ಮಾತ್ರ ಬಣ್ಣದ ಗುಂಪೇ ಸರಿ. ಅವರು ‘ಇಲ್ಲಿಗೆ ಒಂದು ತಣ್ಣನೆಯ ನೀಲಿ ಬೇಕು’ ಎಂದು ಹುಡುಕುತ್ತಾರೆ, ಗಿರಾಕಿಯ ಹೆಸರಿನಿಂದ ಹುಡುಕುವುದಿಲ್ಲ.

ಹೆಸರಿನ ಒಳಗೆ ಏನಿರಬೇಕು? ನಾನು ಮೂರು ಮಾತು ಇಡುತ್ತೇನೆ. ಏನು, ಯಾವ ಬಣ್ಣದಿಂದ ಯಾವ ಬಣ್ಣಕ್ಕೆ, ಎಲ್ಲಿಗೆ. ‘ಪಿಲಿ ಕಿತ್ತಳೆ-ಹಳದಿ ಫ್ಲೆಕ್ಸ್’ (ಪಿಲಿ ಎಂದರೆ ತುಳುವಿನಲ್ಲಿ ಹುಲಿ). ‘ಮಲ್ಲಿಗೆ ಬಿಳಿ-ಹಸಿರು ಮೊಬೈಲ್’. ಕೊನೆಯ ಮಾತು ಬಹಳ ಮುಖ್ಯ. ಸ್ಕ್ರೀನ್ ಮೇಲೆ ಉರಿಯುವ ಕಿತ್ತಳೆ ಪ್ರಿಂಟ್ ಆದಾಗ ಮಂಕಾಗುತ್ತದೆ ಎಂದು ನಮಗೆಲ್ಲ ಗೊತ್ತು. ಪ್ರಿಂಟ್‌ಗೆಂದು ತಿದ್ದಿದ್ದನ್ನು ವಾಟ್ಸಾಪ್ ಆಹ್ವಾನಕ್ಕೆ ಹಾಕಿದರೆ ಅದು ಬೇರೆಯೇ ಕಾಣುತ್ತದೆ. ಎರಡಕ್ಕೂ ಬೇರೆ ಗ್ರೇಡಿಯಂಟ್, ಬೇರೆ ಹೆಸರು. ವರ್ಷವನ್ನು ನಾನು ಪರ್ಯಾಯದ ಗುಂಪಿನಲ್ಲಿ ಮಾತ್ರ ಹಾಕುತ್ತೇನೆ. ಉಳಿದ ಕಡೆ ವರ್ಷ ಹಾಕಿದರೆ ಹಳತು ಎಂದು ಕೈ ಹೋಗುವುದೇ ಇಲ್ಲ, ಒಳ್ಳೆಯ ಬಣ್ಣ ಸುಮ್ನೆ ಕೂರುತ್ತದೆ.

ಕನ್ನಡದಲ್ಲಿ ಹೆಸರು ಬರೆಯುವಾಗ

ಹೆಸರು ಕನ್ನಡದಲ್ಲಿ ಇರಲಿ ಎಂಬುದು ನನ್ನ ಆಸೆ. ‘ಪಿಲಿ’ ಎಂದರೆ ತುಳು ಬಲ್ಲ ನಮ್ಮವರಿಗೆ ಒಂದು ಗಳಿಗೆಯಲ್ಲಿ ಅರ್ಥವಾಗುತ್ತದೆ. ಆದರೆ ಡಿಟಿಪಿ ಅಂಗಡಿಗಳಲ್ಲಿ ಒಂದು ತೊಡಕು ಇದೆ. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಅಭ್ಯಾಸ ಆಗಿರುತ್ತದೆ. ಅಂಥ ಫಾಂಟ್‌ನಲ್ಲಿ ಕನ್ನಡ ಕಾಣುವುದು ಫಾಂಟ್ ಇದ್ದರೆ ಮಾತ್ರ, ಒಳಗೆ ಇರುವುದು ಇಂಗ್ಲಿಷಿನ ಚಿಹ್ನೆಗಳು. ಪ್ಯಾನೆಲ್‌ನ ಹೆಸರಿಗೆ ಫಾಂಟ್ ಆರಿಸಲು ಬರುವುದಿಲ್ಲವಲ್ಲ. ಹಾಗಾಗಿ ಅಲ್ಲಿ ಬರೀ ಚಿಹ್ನೆಗಳ ರಾಶಿ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸಿಕೊಂಡು ಟೈಪ್ ಮಾಡಿ. ಮೊದಲು ಒಂದು ಹೆಸರು ಬರೆದು ಒತ್ತಕ್ಷರ ಸರಿ ಕೂತಿದೆಯೇ ಎಂದು ನಿಮ್ಮ ಪ್ರೋಗ್ರಾಂನಲ್ಲಿ ನೋಡಿ, ಆಮೇಲೆ ಉಳಿದದ್ದಕ್ಕೆ ಹೋಗಿ.

ಜಿಆರ್‌ಡಿ, ಜಿಜಿಆರ್ ಫೈಲ್‌ಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತೇನೆ. ಪ್ರೆಸ್‌ನ ಹಳೆಯ ಕಂಪ್ಯೂಟರಿಗೆ ಹೋದಾಗ ತೊಂದರೆ ಬರಬಾರದು.

ಅಂಗಡಿಯಲ್ಲಿ ಇನ್ನೊಬ್ಬರು ಇದ್ದರೆ ಪದಗಳನ್ನು ಮೊದಲೇ ಮಾತಾಡಿಕೊಳ್ಳಿ. ನೀವು ಕೇಸರಿ ಎನ್ನುತ್ತೀರಿ, ಅವರು ಕಿತ್ತಳೆ ಎನ್ನುತ್ತಾರೆ, ಮೂರನೆಯವರು ಆರೆಂಜ್ ಎನ್ನುತ್ತಾರೆ. ಹುಡುಕುವ ಪೆಟ್ಟಿಗೆಗೆ ಮೂರೂ ಒಂದೇ ಎಂದು ಗೊತ್ತಿಲ್ಲ. ನಮ್ಮಲ್ಲಿ ಹನ್ನೆರಡು ಬಣ್ಣದ ಹೆಸರುಗಳ ಒಂದು ಚೀಟಿ ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿದೆ. ಅದರಲ್ಲಿ ಇಲ್ಲದ ಪದ ಬಳಸುವಂತಿಲ್ಲ.

ಹಾಗಾದರೆ ಯಾರಿಗೆ ಯಾವುದು

ನೀವು ಒಬ್ಬರೇ, ಕೈತುಂಬ ಪಿಎಸ್‌ಡಿ ಕೆಲಸ ಇದೆ, ಕಣ್ಣಲ್ಲಿ ನೋಡಿ ಎಳೆದು ಜೋಡಿಸುವುದು ಇಷ್ಟ ಎಂದರೆ ಫೋಟೋಶಾಪ್‌ನಲ್ಲೇ ಇರಿ. ತಿಂಗಳಿಗೊಮ್ಮೆ ಜಿಆರ್‌ಡಿ ಹೊರತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಇಬ್ಬರು ಮೂವರು ಒಂದೇ ಬಣ್ಣ ಬಳಸುವ ಅಂಗಡಿಯಾದರೆ, ಅಥವಾ ಇಂದು ಮಾಡಿದ ಬಣ್ಣ ಹತ್ತು ವರ್ಷದ ನಂತರವೂ ಬೇಕೆಂದರೆ, ಗಿಂಪ್. ನಾನು ಎರಡನ್ನೂ ಬಳಸುತ್ತೇನೆ, ಆದರೆ ಮುಖ್ಯವಾದ ಗ್ರೇಡಿಯಂಟ್‌ಗಳ ಮೂಲ ಪ್ರತಿ ಈಗ ಜಿಜಿಆರ್ ಆಗಿಯೇ ಇವೆ. ಚಿತ್ರ ಬರೆದು ಕಲಿಸುವವರಿಗೆ ಕ್ರಿಟಾ. ಲೋಗೋದವರಿಗೆ ಇಂಕ್‌ಸ್ಕೇಪ್ ಸಾಕು, ತಾಯಿ ಫೈಲ್ ಒಂದು ಇರಲಿ.

ಇದಕ್ಕೆಲ್ಲ ಯಾವಾಗ ಕೂರುವುದು ಎಂದು ಕೇಳಿದರೆ ನನ್ನ ಉತ್ತರ ಪತ್ತನಾಜೆ, ತುಳುನಾಡಿನಲ್ಲಿ ಉತ್ಸವಗಳ ಕಾಲ ಮುಗಿಯುವ ದಿನ. ಮೇ ಕೊನೆಯ ವಾರದಲ್ಲಿ ಅದು ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಬ್ಯಾನರ್ ಕೆಲಸ ಇಳಿಯುತ್ತದೆ, ಮಳೆ ಇನ್ನೂ ಜೋರಾಗಿರುವುದಿಲ್ಲ. ನಾನು ಆ ವಾರ ಎರಡು ದಿನ ಇಡುತ್ತೇನೆ. ಮೊದಲ ದಿನ ಕಸ್ಟಮ್ ಎಂದು ಉಳಿದವಕ್ಕೆಲ್ಲ ಹೆಸರು. ಎರಡನೆಯ ದಿನ ಎರಡು ಪೆನ್‌ಡ್ರೈವ್‌ಗೆ ಪ್ರತಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯ ಗೋಡ್ರೆಜ್‌ನಲ್ಲಿ. ಕಳೆದ ನವರಾತ್ರಿಗೆ ತಂಡದವರು ಬಂದು ‘ಅದೇ ಕಿತ್ತಳೆ’ ಎಂದಾಗ ‘ಪಿಲಿ’ ಎಂದು ಟೈಪ್ ಮಾಡಿದೆ. ನಾಲ್ಕು ಬಂದವು. ಎರಡನೆಯದನ್ನು ತೋರಿಸಿ ಅವರೇ ‘ಇದೇ’ ಎಂದರು.